ಇಸ್ಪೀಟ್ ಎಲೆಯ ಬೆನ್ನಲ್ಲಿ ಮೋಸಕ್ಕೆ ಎಷ್ಟು ಜಾಗ?

ದೀಪಾವಳಿ ಹತ್ತಿರ ಬಂತು. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇಸ್ಪೀಟ್ ಎಲೆಗಳ ಬಗ್ಗೆಯೇ ಇವೆ. ಉತ್ತರ ಕೊಟ್ಟವರು ಗದುಗಿನ ಪ್ರೆಸ್ಸುಗಳಲ್ಲಿ ಪಳಗಿದ ಮುದ್ರಣ ತಜ್ಞರು.

ಪ್ರಶ್ನೆ: ಗೆಳೆಯರ ಜೊತೆ ಗೋವಾಕ್ಕೆ ಹೋದಾಗ ಮಾಂಡೋವಿ ನದಿಯಲ್ಲಿ ನಿಂತಿರುವ ಒಂದು ಕ್ಯಾಸಿನೊ ಹಡಗು ನೋಡಿ ಬಂದೆವು. ಅಲ್ಲಿನ ಎಲೆಗಳ ಹಿಂಭಾಗದಲ್ಲಿ ಬರೀ ಡೈಮಂಡ್ ಗೀರುಗಳ ಜಾಲರಿ, ಅದೂ ತುದಿಯ ತನಕ. ನಮ್ಮ ಮನೆಯ ಎಲೆಗಳಿಗೆ ಸುತ್ತಲೂ ಬಿಳಿ ಅಂಚು ಇರುತ್ತದೆ. ಈ ವ್ಯತ್ಯಾಸ ಸುಮ್ನೆ ಚಂದಕ್ಕೋ, ಮೋಸ ತಡೆಯಲಿಕ್ಕೋ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಚಂದದ ಪ್ರಶ್ನೆ ಆಮೇಲೆ ಬರುತ್ತದೆ. ಎಲೆಯ ಮುಖ ಹಿಡಿದವನಿಗೆ ಕಾಣುತ್ತದೆ, ಬೆನ್ನು ಉಳಿದ ಎಲ್ಲರಿಗೂ ಕಾಣುತ್ತದೆ. ಅದಕ್ಕೇ 52 ಎಲೆಗಳ ಬೆನ್ನೂ ಒಂದೇ ಥರ ಇರಬೇಕು. ತಲೆಕೆಳಗು ಮಾಡಿ ಇಟ್ಟರೂ ಅದೇ ಥರ ಕಾಣಬೇಕು. ಮೊದಲನೆಯ ಮಾತು ಎಲ್ಲರಿಗೂ ಗೊತ್ತು. ಎರಡನೆಯದನ್ನು ಮರೆತು ದೊಡ್ಡ ದೊಡ್ಡ ಕ್ಯಾಸಿನೊಗಳೇ ಕೈ ಸುಟ್ಟುಕೊಂಡಿವೆ.

2012ರಲ್ಲಿ ಅಮೆರಿಕದ ಪೋಕರ್ ಆಟಗಾರ ಫಿಲ್ ಐವಿ ಲಂಡನ್ನಿನ ಕ್ರಾಕ್‌ಫರ್ಡ್ಸ್ ಕ್ಯಾಸಿನೊದಲ್ಲಿ ಪುಂಟೊ ಬ್ಯಾಂಕೊ ಆಡಿದರು. ಅದು ಬ್ಯಾಕರಾ ಆಟದ ಒಂದು ಬಗೆ. ಒಂಬತ್ತಕ್ಕೆ ಹತ್ತಿರ ಬಂದ ಕೈ ಗೆಲ್ಲುತ್ತದೆ, ಹಾಗಾಗಿ 7, 8, 9ರ ಎಲೆಗಳಿಗೆ ತೂಕ ಜಾಸ್ತಿ. ಅಲ್ಲಿನ ಎಲೆಗಳಿಗೂ ಬಿಳಿ ಅಂಚು ಇರಲಿಲ್ಲ. ಕತ್ತರಿಸುವಾಗ ಚಿತ್ತಾರ ಒಂಚೂರು ಸರಿದು, ಒಂದು ಉದ್ದ ಬದಿಯಲ್ಲಿ ಒಂದು ಥರ ತುಂಡಾಗಿತ್ತು, ಇನ್ನೊಂದು ಬದಿಯಲ್ಲಿ ಬೇರೆ ಥರ. ಐವಿ ಎಲೆಗೆ ಕೈ ಹಚ್ಚಲೇ ಇಲ್ಲ. ಜೊತೆಗಿದ್ದ ಮಹಿಳೆ, ಎಲೆ ಹಂಚುವ ಡೀಲರ್‌ಗೆ ಅದೃಷ್ಟದ ನೆಪ ಹೇಳಿ, ಬೇಕಾದ ಎಲೆಗಳನ್ನಷ್ಟೇ ಉಲ್ಟಾ ತಿರುಗಿಸಿ ಇಡಿಸಿದರು. ಜೂಜಿನವರ ಮೂಢನಂಬಿಕೆ ಇರಬೇಕು ಎಂದುಕೊಂಡು ಡೀಲರ್ ಹೇಳಿದಂತೆ ಮಾಡಿದರು. ಎಲೆ ಕಲೆಸುತ್ತಿದ್ದದ್ದು ಯಂತ್ರ. ಯಂತ್ರ ಎಲೆಗಳ ಸರದಿ ಬದಲಿಸುತ್ತದೆ, ದಿಕ್ಕು ಬದಲಿಸುವುದಿಲ್ಲ. ಅಲ್ಲಿಗೆ ಮುಗಿಯಿತು! ಮುಂದಿನ ಎಲೆ ದೊಡ್ಡದೋ ಸಣ್ಣದೋ ಎಂಬುದು ಬೆನ್ನು ನೋಡಿದರೇ ತಿಳಿಯುವಂತಾಯಿತು.

ಗೆದ್ದದ್ದು ಸುಮಾರು 77 ಲಕ್ಷ ಪೌಂಡ್. ಕ್ಯಾಸಿನೊ ದುಡ್ಡು ಕೊಡಲಿಲ್ಲ, ಐವಿ ಕೋರ್ಟಿಗೆ ಹೋದರು. ತಾನು ಮಾಡಿದ್ದು ಜಾಣತನ, ಮೋಸ ಅಲ್ಲ ಎಂದು ವಾದಿಸಿದರು. 2017ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಇದು ಮೋಸವೇ ಎಂದು ತೀರ್ಪು ಕೊಟ್ಟಿತು. ತೀರ್ಪು ಸರಿ ಇದೆ. ಆದರೆ ಪ್ರೆಸ್ಸಿನವನಾಗಿ ಹೇಳುವುದಾದರೆ, ತಪ್ಪಿನ ಅರ್ಧ ಪಾಲು ಕತ್ತರಿಸಿದ ಬ್ಲೇಡಿನದು.

ಈಗ ನಿಮ್ಮ ಬಿಳಿ ಅಂಚಿಗೆ ಬರೋಣ. ಅಂಚು ಇದ್ದರೆ ಚಿತ್ತಾರ ಎಲ್ಲೂ ತುಂಡಾಗುವುದಿಲ್ಲ, ಆ ಮಟ್ಟಿಗೆ ಒಳ್ಳೆಯದು. ಇನ್ನೊಂದು ಲಾಭವೂ ಇದೆ. ಕೈಚಳಕದವರು ಮೇಲಿನ ಎಲೆಯನ್ನು ತಮಗೆ ಉಳಿಸಿಕೊಂಡು, ಅದರ ಕೆಳಗಿನ ಎಲೆಯನ್ನು ಎಳೆದು ಹಂಚುತ್ತಾರೆ. ಬಿಳಿ ಅಂಚಿದ್ದರೆ ಆ ಜಾರುವಿಕೆ ಕಣ್ಣಿಗೆ ಹೊಡೆಯುತ್ತದೆ. ಜಾಲರಿ ತುದಿಯ ತನಕ ಇದ್ದರೆ ಒಂದರೊಳಗೆ ಒಂದು ಬೆರೆತು ಏನೂ ಕಾಣುವುದಿಲ್ಲ. ಹಾಗಿದ್ದೂ ಕ್ಯಾಸಿನೊಗಳು ಜಾಲರಿಯನ್ನು ಬಿಟ್ಟಿಲ್ಲ, ಯಾಕೆಂದರೆ ಅಲ್ಲಿ ಹಂಚುವವನು ಕ್ಯಾಸಿನೊದ ನೌಕರ, ಅನೇಕ ಆಟಗಳಲ್ಲಿ ಎಲೆ ಬರುವುದು ಶೂ ಎಂಬ ಪೆಟ್ಟಿಗೆಯಿಂದ, ತಲೆಯ ಮೇಲೆ ಕ್ಯಾಮೆರಾ ಬೇರೆ. ಮನೆಯಲ್ಲಿ, ಕ್ಲಬ್ಬಿನಲ್ಲಿ ಹಂಚುವವರು ಆಟಗಾರರೇ ಅಲ್ವಾ? ಅಲ್ಲಿಗೆ ಬಿಳಿ ಅಂಚೇ ಮೇಲು.

ಅಂಚಿದ್ದರೆ ಸಾಕು ಎಂದೂ ತಿಳಿಯಬೇಡಿ. ಎಡಕ್ಕೆ ಅಗಲ, ಬಲಕ್ಕೆ ಕಿರಿದು ಆದರೆ ಅದೂ ದಿಕ್ಕು ಹೇಳಿಬಿಡುತ್ತದೆ. ಅದಕ್ಕೇ ಕೈಯಲ್ಲಿ ಕಲೆಸುವ ಕ್ಯಾಸಿನೊಗಳಲ್ಲಿ ಡೀಲರ್ ನಡುವೆ ಅರ್ಧ ಕಟ್ಟನ್ನು ಉಲ್ಟಾ ತಿರುಗಿಸಿ ಸೇರಿಸುವ ಪದ್ಧತಿ ಇದೆ. ಖರ್ಚಿಲ್ಲದ ಉಪಾಯ, ನೀವೂ ಮಾಡಬಹುದು.

ಪ್ರಶ್ನೆ: ನಮ್ಮದು ಸಣ್ಣ ಆಫ್‌ಸೆಟ್ ಪ್ರೆಸ್. ಮದುವೆ ಕಾರ್ಡು, ಕ್ಯಾಲೆಂಡರ್ ಹೊಡೆಯುತ್ತೇವೆ. ಒಂದು ಕ್ಲಬ್ಬಿನವರು ತಮ್ಮ ಲೋಗೊ ಹಾಕಿ ಇಸ್ಪೀಟ್ ಎಲೆ ಮಾಡಿಕೊಡಿ ಅಂದಿದ್ದಾರೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಕಾರ್ಡಿನಲ್ಲಿ ಹೊಡೆದು ಲ್ಯಾಮಿನೇಶನ್ ಮಾಡಿದರೆ ಆಯ್ತಲ್ರೀ?
– ಪ್ರೆಸ್ ಮಾಲೀಕರು, ಗದಗ

ಉತ್ತರ: ಆಗುವುದಿಲ್ಲ. ನಿಮ್ಮ ಆರ್ಟ್ ಕಾರ್ಡಿನ ಮೇಲೆ ಇಸ್ಪೀಟ್ ಎಕ್ಕ ಹೊಡೆದು ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಹಿಂದಿನಿಂದ ಕಪ್ಪು ಮಬ್ಬಾಗಿ ಕಾಣುತ್ತದೆ. ಆಡುವವರ ಹಿಂದೆ ಕಿಟಕಿ ಇದ್ದರೆ ಆಟ ಕೆಟ್ಟಿತು. ಒಳ್ಳೆಯ ಕಾಗದದ ಎಲೆ ಒಂದೇ ಹಾಳೆ ಅಲ್ಲ. ಎರಡು ಹಾಳೆಗಳನ್ನು ಕಪ್ಪು ಬಣ್ಣದ ಅಂಟಿನಿಂದ ಕೂಡಿಸಿರುತ್ತಾರೆ. ಬೆಳಕನ್ನು ತಡೆಯುವುದು ಆ ಕಪ್ಪು ಪದರ. ಎಲೆಯನ್ನು ಹರಿದರೆ ನಡುವೆ ಕಪ್ಪು ಗೆರೆ ಕಾಣುತ್ತದೆ. ಆ ಸ್ಟಾಕ್ ತರಿಸಿ, ಇಲ್ಲವಾದರೆ ಆರ್ಡರ್ ಬಿಡಿ.

ಲೋಗೊ ವಿಷಯ. ಕ್ಲಬ್ಬಿನವರು ನಡುವೆ ಒಂದೇ ಲೋಗೊ ಕೇಳುತ್ತಾರೆ. ಒಪ್ಪಬೇಡಿ. ಒಂದೇ ಲೋಗೊ ಅಂದರೆ ಎಲೆಗೆ ತಲೆ ಮತ್ತು ಕಾಲು ಬಂತು. ಆಟಗಾರ ತನಗೆ ಬೇಕಾದ ನಾಲ್ಕು ಎಲೆಗಳನ್ನು ತಲೆಕೆಳಗು ಮಾಡಿ ಕಟ್ಟಿಗೆ ಸೇರಿಸಿದರೆ ಸಾಕು, ಬೇರೆ ಗುರುತೇ ಬೇಡ. ಎರಡು ಲೋಗೊ ಹಾಕಿ, ಒಂದು ಮೇಲ್ಮುಖ, ಒಂದು ಕೆಳಮುಖ. ಆಮೇಲೆ ಫೈಲನ್ನು ಕಂಪ್ಯೂಟರಿನಲ್ಲಿ 180 ಡಿಗ್ರಿ ತಿರುಗಿಸಿ, ಮೂಲದ ಮೇಲೆ ಇಟ್ಟು ಹೊಂದಿಸಿ ನೋಡಿ. ಒಂದು ಚುಕ್ಕೆ ಹೆಚ್ಚುಕಮ್ಮಿ ಆದರೂ ಪ್ಲೇಟ್ ಮಾಡಬೇಡಿ.

ಬೆನ್ನಿಗೆ ನಾಲ್ಕು ಬಣ್ಣದ ಮಿಶ್ರಣ ಬೇಡ. ರಿಜಿಸ್ಟ್ರೇಶನ್, ಅಂದರೆ ಬಣ್ಣಗಳು ಒಂದರ ಮೇಲೊಂದು ಕೂರುವ ಜಾಗ, ಒಂಚೂರು ಅಲ್ಲಾಡಿದರೂ ಒಂದೊಂದು ಎಲೆಗೆ ಒಂದೊಂದು ಛಾಯೆ ಬರುತ್ತದೆ. ಒಂದೇ ಸ್ಪೆಷಲ್ ಕಲರ್ (ಮೊದಲೇ ಬೆರೆಸಿದ ಶಾಯಿ) ಇರಲಿ, ಕೆಂಪು ಅಥವಾ ನೀಲಿ.

ಇನ್ನು, ಹೊರಗಿನವರಿಗೆ ಹೊಳೆಯದ ಸಂಗತಿ ಒಂದಿದೆ. ಇಡೀ ಪ್ಯಾಕನ್ನು ಸಾಮಾನ್ಯವಾಗಿ ಒಂದೇ ದೊಡ್ಡ ಶೀಟಿನಲ್ಲಿ ಕೂರಿಸುತ್ತೇವೆ. ಅಂದರೆ ಇಸ್ಪೀಟ್ ಎಕ್ಕ ಪ್ರತಿ ಶೀಟಿನಲ್ಲೂ ಅದೇ ಜಾಗದಲ್ಲಿ ಬರುತ್ತದೆ. ಮಷೀನಿನಲ್ಲಿ ಇಂಕು ಎಷ್ಟು ಬೀಳಬೇಕೆಂದು ಹೊಂದಿಸುವ ಕೀ ಎಡಗಡೆ ಸ್ವಲ್ಪ ಸಡಿಲ ಇದ್ದರೆ ಎಡಗಡೆಯ ಸಾಲಿನ ಎಲೆಗಳೆಲ್ಲ ತುಸು ಗಾಢ. ಹವೆಗೆ ಕಾಗದ ಹಿಗ್ಗಿದರೆ ಶೀಟಿನ ತುದಿಯ ಎಲೆಗಳಲ್ಲಿ ಚಿತ್ತಾರ ಸರಿದಿರುತ್ತದೆ, ನಡುವಿನವುಗಳಲ್ಲಿ ಸರಿ ಇರುತ್ತದೆ. ಹೀಗಾಗಿ ಯಾರೂ ಗುರುತು ಹಾಕದಿದ್ದರೂ ಪ್ರೆಸ್ಸೇ ಗುರುತು ಹಾಕಿ ಕಳಿಸಿದ ಹಾಗೆ! ಅದೇ ಪ್ಲೇಟಿನ ಹತ್ತು ಪ್ಯಾಕ್ ಆಡಿದವನಿಗೆ ಯಾವ ಛಾಯೆ ಯಾವ ಎಲೆ ಎಂದು ಬಾಯಿಪಾಠ ಆಗಿಬಿಡುತ್ತದೆ. ಡೆನ್ಸಿಟೊಮೀಟರ್ (ಶಾಯಿಯ ಗಾಢತೆ ಅಳೆಯುವ ಸಾಧನ) ಇದ್ದರೆ ಶೀಟಿನ ನಾಲ್ಕೂ ಮೂಲೆ, ನಡುವೆ ಅಳೆಯಿರಿ. ಇಲ್ಲವಾದರೆ ಒಂದು ಪ್ಯಾಕ್ ಕತ್ತರಿಸಿ, ಬೆನ್ನು ಮೇಲೆ ಮಾಡಿ ಬಿಸಿಲಿನಲ್ಲಿ ಹರವಿ ನೋಡಿ. ಟ್ಯೂಬ್‌ಲೈಟಿನಲ್ಲಿ ನೋಡಬೇಡಿ, ಮೋಸ ಹೋಗುತ್ತೀರಿ.

ಗ್ರೇನ್, ಅಂದರೆ ಕಾಗದದ ನಾರು, ಕೂಡ ಒಂದೇ ದಿಕ್ಕಿಗಿರಲಿ. ಕಾಗದ ಉಳಿಸಲು ನಾಲ್ಕು ಎಲೆಗಳನ್ನು ಅಡ್ಡ ಕೂರಿಸಿದರೆ ಅವು ಬೇರೆ ಥರ ಬಾಗುತ್ತವೆ. ಪಳಗಿದ ಬೆರಳಿಗೆ ಅಷ್ಟೇ ಸಾಕು.

ಕತ್ತರಿಸುವುದೇ ಕಷ್ಟದ ಕೆಲಸ. ಪೋಕರ್ ಅಳತೆಯ ಎಲೆ 63 ಮಿಲಿಮೀಟರ್ ಅಗಲ, 88 ಉದ್ದ. ಕಟಿಂಗ್ ಮಷೀನಿನಲ್ಲಿ ದಪ್ಪ ಕಟ್ಟು ಇಟ್ಟು ಒಮ್ಮೆಲೇ ಒತ್ತಿದರೆ ಮೇಲಿನ ಶೀಟಿಗೂ ಕೆಳಗಿನ ಶೀಟಿಗೂ ಅಳತೆ ಒಂದೇ ಬರುವುದಿಲ್ಲ. ಬ್ಲೇಡ್ ಹೊಸದಾಗಿ ಸಾಣೆ ಹಿಡಿದದ್ದಾಗಿರಲಿ, ಕಟ್ಟು ತೆಳ್ಳಗಿರಲಿ. ಮೂಲೆ ದುಂಡಗೆ ಮಾಡಲು ಒಳ್ಳೆಯ ಡೈ ಬೇಕು. ಚೂಪು ಮೂಲೆ ಬೇಗ ಮಡಚಿಕೊಳ್ಳುತ್ತದೆ, ಮಡಚಿದ ಮೂಲೆ ಅಂದರೆ ಗುರುತೇ. ಒಂದು ಎಲೆ ಹಾಳಾದರೆ ಬೇರೆ ಸಲ ಹೊಡೆದ ಪ್ಯಾಕಿನಿಂದ ಎಲೆ ತೆಗೆದು ತುಂಬಿಸಬೇಡಿ, ಛಾಯೆ ಹೊಂದುವುದಿಲ್ಲ. ಪ್ಯಾಕನ್ನೇ ರದ್ದು ಮಾಡಿ.

ಇಷ್ಟಾದ ಮೇಲೆ ದರ ಹೇಳಿ. ಮದುವೆ ಕಾರ್ಡಿನ ದರಕ್ಕೆ ಇದು ಗಿಟ್ಟುವುದಿಲ್ಲ. ಕ್ಲಬ್ಬಿನಲ್ಲಿ ಯಾವ ಆಟ ನಡೆಯುತ್ತದೆ ಎಂಬುದು ನಿಮಗೆ ಸಂಬಂಧಿಸಿದ್ದಲ್ಲ. ಅಂದರ್ ಬಾಹರ್‌ಗೆ ದುಡ್ಡು ಕಟ್ಟಿದರೆ ನೋಡಿಕೊಳ್ಳಲು 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ.

ಪ್ರಶ್ನೆ: ರಾಜ, ರಾಣಿ, ಗುಲಾಮರಿಗೆ ಕಾಲು ಯಾಕಿಲ್ಲ? ಎರಡೂ ಕಡೆ ತಲೆ ಯಾಕೆ? ಇದಕ್ಕೂ ಮೋಸಕ್ಕೂ ಏನಾದರೂ ಸಂಬಂಧ ಇದೆಯಾ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇದೆ. ಹಳೆಯ ಯುರೋಪಿನ ಎಲೆಗಳಲ್ಲಿ ರಾಜನಿಗೆ ತಲೆಯಿಂದ ಪಾದದ ತನಕ ಪೂರ್ತಿ ಚಿತ್ರ ಇರುತ್ತಿತ್ತು. ತಲೆಕೆಳಗಾಗಿ ಬಂದರೆ ಆಟಗಾರ ಅಭ್ಯಾಸಬಲದಿಂದ ತಿರುಗಿಸಿ ಹಿಡಿಯುತ್ತಿದ್ದ. ಎದುರಿನವನು ಎಷ್ಟು ಎಲೆ ತಿರುಗಿಸಿದ ಎಂದು ಎಣಿಸಿದರೆ ಕೈಯಲ್ಲಿ ಎಷ್ಟು ಚಿತ್ರದ ಎಲೆ ಇವೆ ಎಂದು ಗೊತ್ತಾಗುತ್ತಿತ್ತು. 19ನೆಯ ಶತಮಾನದಲ್ಲಿ ಎರಡು ತಲೆಯ ರಾಜ ರೂಢಿಗೆ ಬಂದ, ಆ ದಾರಿ ಮುಚ್ಚಿತು. ಮೂಲೆಯಲ್ಲಿ ಅಂಕಿ, ಅಕ್ಷರ ಬಂದದ್ದೂ ಅದೇ ಶತಮಾನದಲ್ಲಿ. ಅದಕ್ಕೂ ಮೊದಲು ಎಲೆ ಗುರುತಿಸಲು ಅಗಲವಾಗಿ ಹರವಿ ಹಿಡಿಯಬೇಕಿತ್ತು, ಪಕ್ಕದವನಿಗೂ ಪುಕ್ಕಟೆ ದರ್ಶನ. ಮೊದಮೊದಲ ಎಲೆಗಳ ಬೆನ್ನು ಬರೀ ಬಿಳಿ ಇರುತ್ತಿತ್ತು. ಒಂದು ಬೆವರಿನ ಬೆರಳು ತಾಗಿದರೂ ಕಲೆ ಉಳಿಯುತ್ತಿತ್ತು. ಬೆನ್ನಿನ ತುಂಬ ಚಿತ್ತಾರ ಹೊಡೆದದ್ದು ಅಂಥ ಕಲೆಗಳನ್ನು ಮುಚ್ಚಲಿಕ್ಕೆ.

ನಮ್ಮ ಮೈಸೂರಿನ ಗಂಜೀಫಾ ಎಲೆಗಳು ದುಂಡಗಿವೆ, ಅವಕ್ಕೆ ತುಂಡಾಗುವ ಉದ್ದ ಬದಿಯೇ ಇಲ್ಲ. ಆದರೆ ಒಂದೊಂದನ್ನೂ ಕೈಯಲ್ಲಿ ಬರೆದದ್ದು, ಎಲ್ಲ ಬೆನ್ನೂ ಒಂದೇ ಥರ ಎಂಬ ಭರವಸೆ ಅಲ್ಲಿ ಕಷ್ಟ.

ಪ್ರಶ್ನೆ: ಹಬ್ಬಕ್ಕೆ ಎಲ್ಲರೂ ಸೇರಿದಾಗ ರಮ್ಮಿ ಆಡುತ್ತೇವೆ. ದುಡ್ಡಿಲ್ಲ, ಬರೀ ಪಾಯಿಂಟು. ನಮ್ಮ ಕಾಕಾ ಪ್ರತಿ ವರ್ಷ ತಾವೇ ಪ್ಯಾಕ್ ತರುತ್ತಾರೆ, ತಾವೇ ಗೆಲ್ಲುತ್ತಾರೆ. ಎಲೆಗೆ ಗುರುತು ಮಾಡಿದ್ದಾರಾ ಎಂದು ಅವರಿಗೆ ಗೊತ್ತಾಗದಂತೆ ಪತ್ತೆ ಮಾಡುವುದು ಹೇಗೆ?
– ಹೆಸರು ಬೇಡ, ಹಾವೇರಿ

ಉತ್ತರ: ಹೆಸರು ಬೇಡ ಅಂದದ್ದು ಒಳ್ಳೆಯದಾಯಿತು. ಕಾಕಾ ಊಟಕ್ಕೆ ಎದ್ದಾಗ ಪ್ಯಾಕ್ ಕೈಗೆ ತೆಗೆದುಕೊಳ್ಳಿ. ಬೆನ್ನು ನಿಮ್ಮ ಕಡೆ ಇರಲಿ. ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ತುದಿ ಬಗ್ಗಿಸಿ ಒಂದೊಂದಾಗಿ ಪಟಪಟನೆ ಬಿಡಿ. ಕಣ್ಣು ಚಿತ್ತಾರದ ಒಂದೇ ಜಾಗದ ಮೇಲೆ ನೆಟ್ಟಿರಲಿ. ಎಲ್ಲ ಬೆನ್ನೂ ಒಂದೇ ಆಗಿದ್ದರೆ ಚಿತ್ತಾರ ಕದಲುವುದಿಲ್ಲ. ಯಾವುದೋ ಎಲೆಯಲ್ಲಿ ಎಸಳು ತುಂಬಿದ್ದರೆ, ಗೀರು ದಪ್ಪ ಮಾಡಿದ್ದರೆ, ಆ ಜಾಗ ಮಿಣಮಿಣ ಕುಣಿಯುತ್ತದೆ. ಅಮೆರಿಕದ ಜೂಜಿನವರು ಇದನ್ನು ಸಿನಿಮಾ ನೋಡುವುದು ಅನ್ನುತ್ತಾರೆ. ಮೂಲೆಗಳನ್ನೂ ನಡುವನ್ನೂ ಬೇರೆ ಬೇರೆಯಾಗಿ ನೋಡಿ.

ಆಮೇಲೆ ಮೊಬೈಲ್ ಟಾರ್ಚನ್ನು ಎಲೆಯ ಪಕ್ಕದಿಂದ, ಮಟ್ಟಸವಾಗಿ ಬಿಡಿ. ಉಗುರಿನ ಗೀರು, ಸೂಜಿಯ ಚುಚ್ಚು ಇದ್ದರೆ ನೆರಳು ಬೀಳುತ್ತದೆ. ಕೆಂಪು ಬೆನ್ನಿನ ಎಲೆ ಆಗಿದ್ದರೆ ಕೆಂಪು ಜಿಲೇಟಿನ್ ಪೇಪರಿನ ಮೂಲಕವೂ ನೋಡಿ. ಮಸುಕು ಹಸಿರು ಶಾಯಿಯ ಗುರುತು ಬರಿಗಣ್ಣಿಗೆ ಕಾಣದು, ಕೆಂಪಿನ ಮೂಲಕ ಚಿತ್ತಾರ ಮಾಯವಾಗಿ ಶಾಯಿ ಕಪ್ಪಗೆ ಎದ್ದು ಬರುತ್ತದೆ. ಕಾಕಾ ಕೆಂಪು ಕನ್ನಡಕ ಹಾಕಿ ಆಡಲು ಕೂತರೆ ಈ ಪರೀಕ್ಷೆಯೂ ಬೇಡ.

ಇವೆಲ್ಲ ಆಗಿ ಏನೂ ಸಿಗದಿದ್ದರೆ? ನನ್ನ ಅನುಮಾನ ಕಲೆಸುವುದರ ಮೇಲಿದೆ. ರಮ್ಮಿಯಲ್ಲಿ ಆಟ ಮುಗಿದಾಗ ಎಲೆಗಳು ಜೋಡಿ ಜೋಡಿಯಾಗಿ ಕೂತಿರುತ್ತವೆ. ಮನೆಗಳಲ್ಲಿ ಮೂರು ಸಲ ಹಾಗೇ ಮೇಲೆ ಕೆಳಗೆ ಮಾಡಿ ಹಂಚಿಬಿಡುತ್ತೇವೆ. ಹಳೆಯ ಜೋಡಿಗಳು ಒಡೆಯುವುದೇ ಇಲ್ಲ. ನೆನಪು ಚೆನ್ನಾಗಿದ್ದವರಿಗೆ ಯಾವ ಎಲೆಯ ಹಿಂದೆ ಯಾವುದು ಬರಬಹುದು ಎಂದು ಅಂದಾಜು ಸಿಗುತ್ತದೆ. ಕಟ್ಟನ್ನು ಎರಡು ಭಾಗ ಮಾಡಿ, ತುದಿಗಳನ್ನು ಒಂದರೊಳಗೆ ಒಂದು ಬೀಳುವಂತೆ ಬಿಡುತ್ತಾರಲ್ಲ, ಹಾಗೆ ಏಳು ಸಲ ಕಲೆಸಿದರೆ 52 ಎಲೆ ಸಾಕಷ್ಟು ಬೆರೆಯುತ್ತವೆ ಎಂದು ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ 1992ರಲ್ಲಿ ಲೆಕ್ಕ ಹಾಕಿ ತೋರಿಸಿದರು. ರಮ್ಮಿಗೆ ಎರಡು ಪ್ಯಾಕ್ ಸೇರಿಸಿದರೆ ಇನ್ನೂ ಒಂದೆರಡು ಸಲ ಜಾಸ್ತಿ ಮಾಡಿ. ಈ ವರ್ಷ ಪ್ಯಾಕ್ ನೀವೇ ತನ್ನಿ, ಚೆನ್ನಾಗಿ ಕಲೆಸಿ. ಆಗಲೂ ಕಾಕಾನೇ ಗೆದ್ದರೆ ಅವರಿಗೆ ಆಟ ಬರುತ್ತದೆ ಎಂದು ಒಪ್ಪಿಕೊಳ್ಳಿ.

ಪ್ರಶ್ನೆ: ಕ್ಯಾಸಿನೊದಲ್ಲಿ ಬಳಸಿದ್ದು ಎಂದು ಗೆಳೆಯನೊಬ್ಬ ಒಂದು ಪ್ಯಾಕ್ ತಂದುಕೊಟ್ಟ. ಎಲ್ಲ ಎಲೆಗಳ ನಡುವೆ ತೂತು ಇದೆ. ಯಾಕೆ? ಆಡಬಹುದಾ?
– ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಕ್ಯಾಸಿನೊಗಳು ಕಾಗದದ ಎಲೆಗಳನ್ನು ಬಹಳ ಹೊತ್ತು ಬಳಸುವುದಿಲ್ಲ. ಬ್ಯಾಕರಾದಲ್ಲಂತೂ ಆಟಗಾರರು ಎಲೆಯನ್ನು ಬಗ್ಗಿಸಿ ಇಣುಕುವುದರಿಂದ ಒಂದು ಸುತ್ತಿಗೇ ಎಸೆಯುವ ಕಡೆಗಳಿವೆ. ತೆಗೆದ ಎಲೆ ಹೊರಗೆ ಹೋಗಿ, ಯಾರದೋ ತೋಳಿನೊಳಗೆ ಕೂತು ಮತ್ತೆ ಮೇಜಿಗೆ ಬರಬಾರದು. ಅದಕ್ಕೇ ಡ್ರಿಲ್ಲಿನಿಂದ ತೂತು ಹೊಡೆಯುತ್ತಾರೆ, ಕೆಲವರು ಮೂಲೆ ಕತ್ತರಿಸುತ್ತಾರೆ. ಪಾಯಿಂಟಿನ ಆಟಕ್ಕೂ ಅದು ಬೇಡ, ತೂತಿನ ಅಂಚು ಒಂದೊಂದು ಎಲೆಗೆ ಒಂದೊಂದು ಥರ ಹರಿದಿರುತ್ತದೆ. ಮಕ್ಕಳಿಗೆ ಕೊಡಿ, ದಾರ ಪೋಣಿಸಿ ಆಡಿಕೊಳ್ಳಲಿ.