1983ರ ಬದಲಾವಣೆ: ಬೀದಿಯದೋ, ನಾಯಕರದೋ?
1983ರಲ್ಲಿ ಕರ್ನಾಟಕದ ಗುಂಡೂರಾವ್ ಅವರ ಕಾಂಗ್ರೆಸ್ ಸರ್ಕಾರ ಹೋಗಿದ್ದು ರೈತ ಬಂಡಾಯದಿಂದಲೋ, ಹಳೇ ನಾಯಕರ ಆಟದಿಂದಲೋ ಅನ್ನುವಲ್ಲೇ ನಿಮ್ಮ ಪ್ರಬಂಧ ಸಿಕ್ಕಿಕೊಂಡಿದೆ. ಬಹುಶಃ ಕಾರಣ ಇಷ್ಟೇ: ಎರಡು ಪ್ರಶ್ನೆ ಒಂದರಲ್ಲೇ ಸೇರಿಕೊಂಡಿವೆ. ಸರ್ಕಾರ ಇಳಿಸಿದ್ದು ಯಾರು, ಕುರ್ಚಿ ಸಿಕ್ಕಿದ್ದು ಯಾರಿಗೆ. ಇಂಥ ಪ್ರಬಂಧ ತಿದ್ದುವಾಗ ನಾನು ಮೊದಲು ಇವನ್ನೇ ಬಿಡಿಸಲು ಹೇಳುತ್ತೇನೆ.

ಮೊದಲು ಬೀದಿಯ ಕಡೆ, ಅಂದರೆ ಜನರ ಹೋರಾಟಗಳ ಬಗ್ಗೆ ಬರೆಯಿರಿ. ಮಲಪ್ರಭಾ ಅಣೆಕಟ್ಟಿನ ನೀರಾವರಿ ಪ್ರದೇಶದ ರೈತರ ಮೇಲೆ ಬಿದ್ದ ಕರ, 1980ರ ಜುಲೈನಲ್ಲಿ ನರಗುಂದ-ನವಲಗುಂದದ ಗೋಲಿಬಾರ್, ಆಮೇಲೆ ರೈತ ಸಂಘ, ಕನ್ನಡಕ್ಕಾಗಿ ನಡೆದ 1982ರ ಗೋಕಾಕ್ ಚಳವಳಿ. ಸರ್ಕಾರದ ಹೆಸರು ಕೆಟ್ಟಿದ್ದು ಇಲ್ಲೇ.

ಆಮೇಲೆ ಕುರ್ಚಿ. 1983ರ ಚುನಾವಣೆಯಲ್ಲಿ 224 ಸ್ಥಾನಗಳ ವಿಧಾನಸಭೆಯಲ್ಲಿ ಜನತಾ ಪಕ್ಷಕ್ಕೆ 95, ಕಾಂಗ್ರೆಸ್‌ಗೆ 82. ಜನತಾಗೆ ಹೊರಗಿನಿಂದ ಬಿಜೆಪಿ, ಎಡಪಕ್ಷಗಳ ಬೆಂಬಲ. ಮುಖ್ಯಮಂತ್ರಿ ಆದವರು ರಾಮಕೃಷ್ಣ ಹೆಗಡೆ, ಹಿಂದಿನ ಮುಖ್ಯಮಂತ್ರಿ ನಿಜಲಿಂಗಪ್ಪನವರ ಸಂಪುಟದಲ್ಲೇ ಇದ್ದ ಹಳಬರು. ಆಗ ಅವರು ಶಾಸಕರೂ ಅಲ್ಲ! ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ, ಜನತಾ ಜೊತೆಗಿದ್ದ ಕ್ರಾಂತಿರಂಗ ಪಕ್ಷದ ನಾಯಕ ಬಂಗಾರಪ್ಪನವರಿಗೂ ಅದು ಸಿಗಲಿಲ್ಲ. ನರಗುಂದದ ರೈತರ ಮಾತಂತೂ ದೂರವೇ ಉಳಿಯಿತು, ಅಲ್ವಾ?

ಮೂರನೆಯದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಅದು ಮೇಲಿನವರ ಒಡಕು. 1979ರಲ್ಲಿ ಆಗಿನ ಮುಖ್ಯಮಂತ್ರಿ ದೇವರಾಜ ಅರಸು ಇಂದಿರಾ ಕಾಂಗ್ರೆಸ್‌ನಿಂದ ಹೊರಬಿದ್ದರು. ಅವರು ಕಟ್ಟಿದ ಕ್ರಾಂತಿರಂಗ 1983ರಲ್ಲಿ ಜನತಾ ಜೊತೆ ನಿಂತಿತು. ಬೀದಿಯ ಸಿಟ್ಟಿಗೆ ಮತಪೆಟ್ಟಿಗೆಯ ದಾರಿ ಸಿಕ್ಕಿದ್ದು ಹೀಗೆ.

ಎಷ್ಟು ಮತ ಸಿಟ್ಟಿನಿಂದ ಬಂತು, ಎಷ್ಟು ಒಡಕಿನಿಂದ ಅಂತ ಬೇರ್ಪಡಿಸುವುದು ಕಷ್ಟ. ಹಾಗಾಗಿ ‘ರೈತರೇ ಬೀಳಿಸಿದರು’ ಅಂತ ಖಡಾಖಂಡಿತವಾಗಿ ಬರೆಯಬೇಡಿ. ನನ್ನ ಒಲವು: ಇಳಿಸಿದ್ದರಲ್ಲಿ ಬೀದಿಯ ಪಾಲು ದೊಡ್ಡದು, ಏರಿಸಿದ್ದು ಹಳಬರು. ನೀವು ಬೇರೆ ವಾದ ಹಿಡಿದರೆ ಹೆಗಡೆಯವರೇ ಯಾಕೆ ಆಯ್ಕೆಯಾದರು ಅನ್ನುವುದಕ್ಕೆ ಒಂದು ಉತ್ತರ ಇಟ್ಟುಕೊಂಡಿರಿ.