ಯಾವ ಬಿಲ್ವಿದ್ಯಾ ಸಂಘ, ಯಾವ ಬಿಲ್ಲು?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಬಿಲ್ವಿದ್ಯೆ ಕಲೀತೀನಿ ಅಂತ ಹಟ ಹಿಡಿದಾಳ. ಒಂದು ಸಂಘದವರು ಸೈಟ್ (ಗುರಿ ಹಿಡಿಯೋ ಸಾಧನ), ಸ್ಟೆಬಿಲೈಜರ್ (ಬಿಲ್ಲು ಅಲುಗದಂಗ ಹಾಕೋ ಕೋಲು) ಇರೋ ರಿಕರ್ವ್ ಬಿಲ್ಲು (ತುದಿ ಮುಂದಕ್ಕ ಬಾಗಿದ್ದು) ತಗೋರಿ ಅಂತಾರ. ಇನ್ನೊಂದು ಗುಂಪಿನವರು ಅದೇನೂ ಬ್ಯಾಡ, ಬರೀ ಬಿಲ್ಲು ಸಾಕು ಅಂತಾರ. ಯಾರ ಮಾತು ಕೇಳೋಣ್ರಿ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಇಬ್ಬರ ಮಾತೂ ಸರಿ, ಅವರವರ ಆಟ ಬೇರೆ ಅಷ್ಟೆ. ದುಡ್ಡು ಕೊಡುವ ಮೊದಲು ಒಂದು ವಿಷಯ ಕೇಳಿಕೊಳ್ಳಿ: ನಿಮ್ಮ ಸ್ಪರ್ಧೆಗಳು ಯಾರ ನಿಯಮದಂತೆ ನಡೆಯುತ್ತವೆ?

ಮೊದಲಿನವರದು ಒಲಿಂಪಿಕ್ಸ್ ದಾರಿ. ಜಿಲ್ಲಾ ಸಂಘ, ರಾಜ್ಯ ಸಂಘ, 1973ರ ಭಾರತೀಯ ಆರ್ಚರಿ ಸಂಸ್ಥೆ, ಅದರ ಮೇಲೆ 1931ರಲ್ಲಿ ಶುರುವಾದ ವರ್ಲ್ಡ್ ಆರ್ಚರಿ. ಇಲ್ಲಿ ಅಂಕವೇ ಮುಖ್ಯ, ಹಾಗಾಗಿ ಅಳತೆ ಎಲ್ಲ ಊರಲ್ಲೂ ಒಂದೇ. ರಿಕರ್ವ್‌ಗೆ 70 ಮೀಟರ್ ದೂರ, 122 ಸೆಂ.ಮೀ. ಅಗಲದ ಗುರಿ, ಅದರಲ್ಲಿ ಹತ್ತರ ವೃತ್ತ 12.2 ಸೆಂ.ಮೀ.; 72 ಬಾಣ, ಪೂರ್ಣಾಂಕ 720. ಹದಿನೆಂಟರೊಳಗಿನವರಿಗೆ 60 ಮೀಟರ್. ನಮ್ಮ ದೇಶದಲ್ಲಿ ಇದರ ಜೊತೆಗೆ ಬಿದಿರಿನ ಬಿಲ್ಲಿನ ಇಂಡಿಯನ್ ರೌಂಡ್ ಕೂಡ ಇದೆ.

ಎರಡನೆಯವರದು ಫೀಲ್ಡ್ ಆರ್ಚರಿ. ಇದರ ಅಂತರರಾಷ್ಟ್ರೀಯ ಸಂಸ್ಥೆ 1970ರದು. ಅವರ ಫೀಲ್ಡ್ ರೌಂಡ್‌ನಲ್ಲಿ ನಡೆಯುತ್ತ 28 ಗುರಿಗಳಿಗೆ ತಲಾ 4 ಬಾಣ ಬಿಡಬೇಕು. ಏರು, ಇಳಿಜಾರು, ದೂರ ಎಲ್ಲ ಬದಲಾಗುತ್ತಿರುತ್ತದೆ. ಅಲ್ಲಿಯೂ ಸೈಟ್ ಇರುವ ವರ್ಗಗಳಿವೆ. ಆದರೆ ಬರೀ ಬಿಲ್ಲಿನವರಿಗೆ ದೂರವನ್ನು ಕಣ್ಣಲ್ಲೇ ಅಳೆಯುವುದರಲ್ಲಿ ಆಟದ ರುಚಿ ಇದೆ. ಜಪಾನಿನ ಸಾಂಪ್ರದಾಯಿಕ ಬಿಲ್ವಿದ್ಯೆಯಾದ ಕ್ಯೂಡೊ ಸಂಘಗಳದು ಮತ್ತೊಂದು ರೀತಿ: 28 ಮೀಟರ್ ದೂರದಲ್ಲಿ 36 ಸೆಂ.ಮೀ. ಗುರಿ ಇದ್ದರೂ, ನಿಂತ ಭಂಗಿ ಕೆಟ್ಟರೆ ಬಾಣ ತಾಗಿದ್ದಕ್ಕೆ ಬೆಲೆ ಕಡಿಮೆ.

ಉದ್ದೇಶ ಬೇರೆಯಾದರೆ ನಿಯಮವೂ ಬೇರೆ. ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ಗಾಲಿ ಇರುವ ಬಿಲ್ಲು) ಎಳೆತ, ಅಂದರೆ ಹೆದೆ ಎಳೆಯಲು ಬೇಕಾದ ಬಲ, 60 ಪೌಂಡ್ ಮೀರಬಾರದು ಎನ್ನುತ್ತದೆ ವರ್ಲ್ಡ್ ಆರ್ಚರಿ. ಫೀಲ್ಡ್ ಸಂಸ್ಥೆ ಬಾಣದ ವೇಗಕ್ಕೆ ಸೆಕೆಂಡಿಗೆ 300 ಅಡಿಯ ಮಿತಿ ಹಾಕುತ್ತದೆ. ಆನ್‌ಲೈನ್‌ನಲ್ಲಿ ಅಗ್ಗವಾಯಿತೆಂದು 70 ಪೌಂಡಿನ ಬೇಟೆ ಬಿಲ್ಲು ತರಿಸಿದವರನ್ನು ರಾಜ್ಯ ಸ್ಪರ್ಧೆಯ ಉಪಕರಣ ತಪಾಸಣೆಯಲ್ಲೇ ಹಿಂದೆ ಕಳಿಸುತ್ತಾರೆ.

ನಿಮ್ಮ ಮಗಳಿಗೆ ಹಿಡಿ, ರೆಕ್ಕೆ (ಹಿಡಿಯ ಮೇಲೆ, ಕೆಳಗೆ ಬಾಗುವ ಭಾಗಗಳು) ಬೇರೆ ಮಾಡಬಹುದಾದ ರಿಕರ್ವ್ ಕೊಡಿಸಿ. ಹಿಡಿಯಲ್ಲಿ ಸೈಟ್‌ಗೆ, ಸ್ಟೆಬಿಲೈಜರ್‌ಗೆ ತಿರುಪಿನ ತೂತುಗಳಿರಲಿ. ಎರಡೂ ಬಿಚ್ಚಿದರೆ ಅದೇ ಬಿಲ್ಲು ಇನ್ನೊಂದು ಸಂಘಕ್ಕೂ ಆಗುತ್ತದೆ. ರೆಕ್ಕೆ 16–18 ಪೌಂಡಿನದು ಸಾಕು. ಆ ಅಂಕಿ 28 ಇಂಚು ಎಳೆದಾಗಿನದು. ಒಂದಿಂಚು ಕಡಿಮೆ ಎಳೆದರೆ ಸುಮಾರು 1–2 ಪೌಂಡ್ ಇಳಿಯುತ್ತದೆ. ಪೂರ್ತಿ ಎಳೆದು 10 ಸೆಕೆಂಡ್ ನಡುಗದೆ ಹಿಡಿಯಲು ಆಗದಿದ್ದರೆ ಬಿಲ್ಲು ಭಾರವಾಯಿತೆಂದೇ ಅರ್ಥ. ಭಾರದ ಬಿಲ್ಲಿನಿಂದ ಮೊದಲು ಭುಜ ಮೇಲೇಳುತ್ತದೆ, ಆಮೇಲೆ ಹೆದೆ ಗದ್ದಕ್ಕೆ ಬರುವ ಮೊದಲೇ ಬೆರಳು ಬಿಡುತ್ತವೆ. ಈ ಚಟ ಬಿಡಿಸಲು ತಿಂಗಳುಗಟ್ಟಲೆ ಬೇಕು. ವರ್ಷ ಕಳೆದ ಮೇಲೆ 2 ಪೌಂಡ್‌ನಂತೆ ಏರಿಸುತ್ತ ಹೋಗಿ.

ಪ್ರಶ್ನೆ: ನಾವು ಎಂಟು ಜನ ಗೆಳೆಯರು. ಕಪ್ಪತಗುಡ್ಡದಲ್ಲಿ ಫೀಲ್ಡ್ ರೌಂಡ್ ಹಾಕಬಹುದೇ?
– ಓದುಗರು, ಗದಗ

ಉತ್ತರ: ಬೇಡ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ಲು–ಬಾಣ ಆಯುಧದ ಪಟ್ಟಿಯಲ್ಲೇ ಇದೆ. ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಒಯ್ಯುವಂತಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೂ ಇದೇ ಮಾತು.

ಕಡಲೆ ಕಿತ್ತ ಮೇಲೆ ಪರಿಚಯದ ರೈತರ ಹೊಲ ಕೇಳಿ. ಜೋಳದ ಹೊಲ ಬೇಡ, ಕೂಳೆಯಲ್ಲಿ ಗರಿ ಹರಿಯುತ್ತದೆ, ಬಿದ್ದ ಬಾಣ ಕಾಣುವುದೂ ಇಲ್ಲ. ಪ್ರತಿ ಗುರಿಯ ಹಿಂದೆ ಎತ್ತರದ ಮಣ್ಣಿನ ಒಡ್ಡು ಇರಲೇಬೇಕು. ಹಿಂದೆ ಬರೀ ಆಕಾಶ ಕಾಣುವಂತೆ ದಿಬ್ಬದ ನೆತ್ತಿಯ ಮೇಲೆ ಗುರಿ ನಿಲ್ಲಿಸಿದರೆ, ತಪ್ಪಿದ ಬಾಣ ಆಚೆ ದನ ಕಾಯುವವರ ಮೇಲೆ ಹೋದೀತು. ಬರುವಾಗ ಎಷ್ಟು ಬಾಣ, ಹೋಗುವಾಗ ಎಷ್ಟು ಎಂದು ಎಣಿಸಿಕೊಳ್ಳಿ. ಮುರಿದ ಕಾರ್ಬನ್ ಬಾಣದ ಸಿಬಿರು ಮೇವಿನಲ್ಲಿ ಸೇರಿ ಎತ್ತಿನ ಹೊಟ್ಟೆಗೆ ಹೋದರೆ ಆ ಹೊಲ ನಿಮಗೆ ಮತ್ತೆ ಸಿಗದು, ಸಿಗಲೂಬಾರದು.

ಪ್ರಶ್ನೆ: ಉದ್ದೇಶವೇ ಬೇರೆಯಾದ ಮೇಲೆ ಈ ಸಂಘಗಳು ಒಂದೇ ಮೈದಾನದಲ್ಲಿ ಕೂಡಿ ಅಭ್ಯಾಸ ಮಾಡಲು ಸಾಧ್ಯವೇ?
– ಓದುಗರು, ಹಾವೇರಿ

ಉತ್ತರ: ಖಂಡಿತ ಸಾಧ್ಯ. ಜಗಳವಾಗುವುದು ಹೆಚ್ಚಾಗಿ ಪದಾಧಿಕಾರಿಗಳ ನಡುವೆ. ಆಡಳಿತದ ಕಚ್ಚಾಟದಿಂದ 2019ರಲ್ಲಿ ಭಾರತೀಯ ಸಂಸ್ಥೆಯೇ ಅಮಾನತಾಗಿ, ಬ್ಯಾಂಕಾಕ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ನಮ್ಮವರು ತಿರಂಗಾ ಇಲ್ಲದೆ ಬಾಣ ಬಿಡಬೇಕಾಯಿತು. ಬಿಲ್ಲು ಹಿಡಿದವರ ನಡುವೆ ಅಂಥ ಬಿರುಕು ಕಾಣುವುದಿಲ್ಲ. ಒಬ್ಬರ ಬಾಣ ಕಳೆದರೆ ಸಾಲಿನವರೆಲ್ಲ ಹುಲ್ಲು ಕೆದಕುತ್ತಾರೆ. ಬಿದಿರಿನ ಬಿಲ್ಲಾಗಲಿ ರಿಕರ್ವ್ ಆಗಲಿ, ಬಾಣದ ಬಿಗಿ (ಬಾಣದ ಕಡ್ಡಿ ಎಷ್ಟು ಬಾಗುತ್ತದೆ ಎಂಬುದು) ಬಿಲ್ಲಿಗೆ ಹೊಂದದಿದ್ದರೆ ತೊಂದರೆ ಒಂದೇ: ಬಲಗೈಯವರು ಗರಿಯಿಲ್ಲದ ಬಾಣ ಬಿಟ್ಟಾಗ ಅದು ಗರಿ ಇರುವ ಬಾಣಗಳ ಎಡಕ್ಕೆ ಬಿದ್ದರೆ ತೀರ ಬಿಗಿ, ಬಲಕ್ಕೆ ಬಿದ್ದರೆ ತೀರ ಮೆದು. ಇದರ ಮೇಲೆ ಮಾತು ಶುರುವಾದರೆ ಯಾವ ಸಂಘದವರು ಎಂದು ಯಾರೂ ಕೇಳುವುದಿಲ್ಲ.

ಮೈದಾನದಲ್ಲಿ ಬಾಣ ಬಿಡುವ ಗೆರೆ ಒಂದೇ ಇರಲಿ. ದೂರ ಬೇಕಾದವರಿಗೆ ಗುರಿಯನ್ನು ಹಿಂದೆ ಸರಿಸಿ, ಜನರನ್ನಲ್ಲ. ಸೀಟಿ ಒಬ್ಬರ ಕೈಯಲ್ಲಿರಲಿ: ಎರಡು ಊದಿದರೆ ಗೆರೆಗೆ ಬರುವುದು, ಒಂದಕ್ಕೆ ಬಾಣ ಬಿಡುವುದು, ಮೂರಕ್ಕೆ ಬಾಣ ತರುವುದು, ಐದು ಅಥವಾ ಹೆಚ್ಚು ಊದಿದರೆ ತಕ್ಷಣ ನಿಲ್ಲಿಸುವುದು. ಫೀಲ್ಡ್‌ನವರಿಗೆ ಸೀಟಿಯ ರೂಢಿ ಕಡಿಮೆ, ಮೊದಲೇ ಹೇಳಿಡಿ. ಅವರದೊಂದು ಒಳ್ಳೆಯ ಪದ್ಧತಿಯನ್ನು ಉಳಿದವರು ಕಲಿಯಬೇಕು: ಗುರಿಯ ಹಿಂದೆ ಬಾಣ ಹುಡುಕುವಾಗ ಒಂದು ಬಿಲ್ಲನ್ನು ಗುರಿಯ ಮುಂದೆ ಒರಗಿಸಿಡುತ್ತಾರೆ, ನೋಡಿದವರಿಗೆ ಆಚೆ ಜನ ಇದ್ದಾರೆಂದು ತಿಳಿಯುತ್ತದೆ. ಬಾಣ ಕೀಳುವಾಗ ಒಂದು ಅಂಗೈಯಿಂದ ಗುರಿಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಣವನ್ನು ಗುರಿಗೆ ಹತ್ತಿರ ಹಿಡಿದು ನೆಟ್ಟಗೆ ಎಳೆಯಬೇಕು. ಎಳೆಯುವವರ ಹಿಂದೆ ಯಾರೂ ನಿಲ್ಲಬಾರದು. ಫಕ್ಕನೆ ಬಂದ ಬಾಣದ ಬಾಲ ನೇರ ಕಣ್ಣಿಗೆ ಹೊಡೆಯುತ್ತದೆ.