ಯುಯುಸಿಎಂಎಸ್ ಬಂದ ಮೇಲೂ ಮೂರು ಸೆಟ್ ಜೆರಾಕ್ಸ್ ಯಾಕೆ?

ಪ್ರಶ್ನೆ: ತಾಲ್ಲೂಕು ಕೇಂದ್ರದ ಪದವಿ ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಡ್ಮಿಷನ್ ಯುಯುಸಿಎಂಎಸ್‌ನಲ್ಲೇ (ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆ) ಆಗುತ್ತದೆ, ಆದರೂ ಪ್ರತಿ ವಿದ್ಯಾರ್ಥಿಯಿಂದ ಮೂರು ಸೆಟ್ ಜೆರಾಕ್ಸ್ ತಗೊಂಡು ಫೈಲ್ ಮಾಡುತ್ತೇವೆ. ಕೆಲಸ ಡಬಲ್ ಆಗಿದೆ. ಪೇಪರ್ ನಿಲ್ಲಿಸಬಹುದಾ?

ಉತ್ತರ: ಬಹುಪಾಲು ನಿಲ್ಲಿಸಬಹುದು. ಆದರೆ ಜೆರಾಕ್ಸ್ ಬದಲು ಸ್ಕ್ಯಾನ್ ಕೇಳಬೇಡಿ, ಅದು ಅದೇ ಫೈಲು, ಕಂಪ್ಯೂಟರ್ ಒಳಗೆ ಅಷ್ಟೇ. ದಾಖಲೆಯನ್ನು ಅದನ್ನು ಮಾಡಿಕೊಟ್ಟ ಕಚೇರಿ ಅಥವಾ ಬೋರ್ಡಿನ ಹತ್ತಿರವೇ ಪರಿಶೀಲಿಸಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅದರ ಮೇಲಿರುವ ಆರ್‌ಡಿ ನಂಬರ್ ಸಾಕು, ನಾಡಕಚೇರಿ ವೆಬ್‌ಸೈಟಿನಲ್ಲೇ ಅಸಲಿಯೋ ಅಲ್ಲವೋ ಗೊತ್ತಾಗುತ್ತದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿ ಕೇಂದ್ರ ಸರ್ಕಾರದ ಆನ್‌ಲೈನ್ ದಾಖಲೆ ಪೆಟ್ಟಿಗೆಯಾದ ಡಿಜಿಲಾಕರ್‌ನಲ್ಲಿ ಸಿಗುತ್ತವೆ. ಅಲ್ಲಿ ಬೋರ್ಡಿನಿಂದಲೇ ಬಂದ ಅಂಕಪಟ್ಟಿಗೆ ಮೂಲ ಪ್ರತಿಯಷ್ಟೇ ಬೆಲೆ ಇದೆ ಅಂತ 2016ರ ಕೇಂದ್ರದ ನಿಯಮಗಳೇ ಹೇಳುತ್ತವೆ. ವಿದ್ಯಾರ್ಥಿ ತಾನೇ ಫೋಟೋ ತೆಗೆದು ಅಪ್‌ಲೋಡ್ ಮಾಡಿದ್ದಕ್ಕೆ, ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಪಿಡಿಎಫ್‌ಗೆ ಆ ಬೆಲೆ ಇಲ್ಲ. ಈ ವ್ಯತ್ಯಾಸ ನಿಮ್ಮ ಕೌಂಟರಿನಲ್ಲಿ ಕೂರುವ ಎಲ್ಲರಿಗೂ ಗೊತ್ತಿರಲಿ.

ನಿಜವಾದ ತಲೆನೋವು ಹೆಸರಿನದು. ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಬರೀ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಸ್ಪೆಲ್ಲಿಂಗ್. ಕಾಗದದ ಕಾಲದಲ್ಲಿ ಗುಮಾಸ್ತರು ನೋಡಿ ಸರಿ ಅಂತ ಬಿಡುತ್ತಿದ್ದರು. ಈಗ ಕಂಪ್ಯೂಟರ್ ಬಿಡಲ್ಲ, ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ತೆರೆಯಲ್ಲ, ಸ್ಕಾಲರ್‌ಶಿಪ್ ಅರ್ಜಿ ಅರ್ಧಕ್ಕೇ ನಿಲ್ಲುತ್ತದೆ, ಮಗು ವರ್ಷವಿಡೀ ಓಡಾಡುತ್ತದೆ. ಹಾಗಾಗಿ ಅರ್ಜಿ ತೆಗೆದುಕೊಂಡ ದಿನವೇ ಹೆಸರುಗಳನ್ನು ಹೋಲಿಸಿ ನೋಡಿ. ಎಸ್‌ಎಸ್‌ಎಲ್‌ಸಿ ಹೆಸರನ್ನೇ ಆಧಾರವಾಗಿಟ್ಟುಕೊಂಡು, ಬೇಕಿದ್ದರೆ ಆಧಾರ್ ತಿದ್ದಿಸಲು ಆಗಲೇ ಕಳಿಸಿ. ಆಧಾರ್‌ನಲ್ಲಿ ಸಾಮಾನ್ಯವಾಗಿ ಹೆಸರು ಬದಲಿಸಲು ಎರಡೇ ಅವಕಾಶ ಇರುವುದು, ಸುಮ್ನೆ ಹಾಳು ಮಾಡಿಕೊಳ್ಳಬಾರದು ಅಲ್ವಾ.

ಒರಿಜಿನಲ್‌ಗಳನ್ನು ಕಾಲೇಜಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನೋಡಿ ವಾಪಸ್ ಕೊಡಬೇಕು ಅಂತ ಉನ್ನತ ಶಿಕ್ಷಣದ ಮೇಲುಸ್ತುವಾರಿ ನೋಡುವ ಯುಜಿಸಿ 2018ರಲ್ಲೇ ಹೇಳಿದೆ. ಹಳೆಯ ಅಡ್ಮಿಷನ್ ರಿಜಿಸ್ಟರ್ ಮಾತ್ರ ಎಸೆಯಬೇಡಿ, ಎಷ್ಟೋ ವರ್ಷದ ಮೇಲೂ ಡೂಪ್ಲಿಕೇಟ್ ಟಿಸಿ ಕೇಳಿಕೊಂಡು ಜನ ಬರುತ್ತಾರೆ.

ಇನ್ನು, ಎಷ್ಟೋ ಮಕ್ಕಳ ಆಧಾರ್‌ಗೆ ಲಿಂಕ್ ಆಗಿರುವುದು ದೂರದೂರಲ್ಲಿ ಕೂಲಿಗೆ ಹೋದ ಅಪ್ಪನ ನಂಬರ್. ಡಿಜಿಲಾಕರ್‌ಗೆ ಬೇಕಾದ ಒಟಿಪಿ ಅಲ್ಲಿಗೆ ಹೋಗುತ್ತದೆ. ಅಂಥವರನ್ನು ಸೈಬರ್ ಸೆಂಟರಿಗೆ ಅಟ್ಟಬೇಡಿ. ಅಂಕಪಟ್ಟಿ ನೋಡಿ, ವಿವರಗಳನ್ನು ನೀವೇ ತುಂಬಿಸಿ, ಸೀಟು ಕೊಡಿ. ಡಿಜಿಲಾಕರ್ ಕೆಲಸ ಆಮೇಲೆ ಮಾಡಿಸಬಹುದು.